ಅಜ್ಜಿ ಕಂಡ ಕೋಡಿ, ನಾನು ಕಂಡ ಕೋಡಿ



ಒಂದು ರಾಜ್ಯೋತ್ಸವದ ಊಟದ ದಿನ ನಾನು ಪಂಕ್ತಿಯಲ್ಲಿ ಬಿಸಿಬೇಳೆಬಾತ್ ಬಡಿಸುತ್ತಿದ್ದಾಗ ನಿಮ್ಮಲ್ಲೊಬ್ಬ ಹುಡುಗ ತಟ್ಟೆಯಿಂದ ತಲೆಯೆತ್ತಿ ಕೇಳಿದ: “ಆಂಟಿ, ನಿಮ್ಮೂರು ಹಿರಿಯೂರು ಅಲ್ವಾ? ಅಲ್ಲಿ ಮಳೆಯೇ ಆಗೋಲ್ಲ ಅಂತ ಪಪ್ಪಾ ಹೇಳ್ತಾರೆ. ಮತ್ತೆ ಅಲ್ಲಿ ಅಷ್ಟು ದೊಡ್ಡ ಡ್ಯಾಮ್ ಯಾಕೆ ಕಟ್ಟಿದ್ರು?” ಕೈಯಲ್ಲಿ ಸೌಟು, ಹಿಂದೆ ಹಪ್ಪಳ ಹಿಡಿದವರ ಅವಸರ. “ಆಮೇಲೆ ಹೇಳ್ತೀನಿ ಮರಿ” ಎಂದು ಮುಂದೆ ಸಾಗಿದೆ. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಳೆಯೇ ಆಗದ ಊರಿಗೆ ಅಣೆಕಟ್ಟು ಯಾಕೆ? ಹುಟ್ಟಿ ಬೆಳೆದ ನನಗೇ ಇದು ಹೊಳೆದಿರಲಿಲ್ಲವಲ್ಲ! ಇಂಗ್ಲಿಷ್ ಬಿ.ಎ. ಓದಿ, ಮೂವತ್ತು ವರ್ಷಕ್ಕೂ ಮಿಗಿಲಾಗಿ ಒಲೆ ಮುಂದೆ ನಿಂತವಳು ಹವಾಮಾನದ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೂ ಆ ಹುಡುಗನಿಗೆ ಒಂದು ಉತ್ತರದ ಬಾಕಿ ಇದೆ. ಅವನ ನೆಪದಲ್ಲಿ ನಿಮ್ಮೆಲ್ಲರಿಗೂ ಹೇಳುತ್ತೇನೆ.

ಮೊದಲು ನಿಮಗೆ ನೆನಪಿರುವ ಒಂದು ರಾತ್ರಿಯಿಂದ ಶುರು ಮಾಡೋಣ. 2023ರ ಸೆಪ್ಟೆಂಬರ್ 23. ನಡುರಾತ್ರಿ ಕಳೆದ ಮೇಲೆ ನಮ್ಮ ನಾಗಪುರದಲ್ಲಿ ಗುಡುಗು ಸಿಡಿಲಿನೊಂದಿಗೆ ಮಳೆ ಹಿಡಿಯಿತಲ್ಲ, ನಾಲ್ಕೇ ಗಂಟೆಯಲ್ಲಿ 100 ಮಿಲಿಮೀಟರಿಗೂ ಹೆಚ್ಚು. ಅಂಬಾಝರಿ ಕೆರೆ ತುಂಬಿ ಹರಿದು ನಾಗ ನದಿಯ ಅಕ್ಕಪಕ್ಕದ ಬಡಾವಣೆಗಳಿಗೆ ನುಗ್ಗಿತು. ಸಾವುಗಳಾದವು. ಸಿವಿಲ್ ಲೈನ್ಸಿನ ನಮ್ಮ ಕ್ವಾರ್ಟರ್ಸು ಸ್ವಲ್ಪ ಎತ್ತರದಲ್ಲಿದ್ದುದರಿಂದ ಅಂಗಳದಲ್ಲಿ ನೀರು ನಿಂತಿದ್ದೇ ಹೊರತು ಒಳಗೆ ಬರಲಿಲ್ಲ. ಬೆಳಿಗ್ಗೆ ಆರೂವರೆಗೆ ಟೀವಿ ನೋಡಿ ಗಾಬರಿಯಾಗಿ ಊರಿನಿಂದ ತಮ್ಮ ಫೋನ್ ಮಾಡಿದ. ನಮ್ಮ ಯೋಗಕ್ಷೇಮ ಕೇಳಿದ ಮೇಲೆ, “ಅಕ್ಕ, ಅಲ್ಲಿ ಹೆಚ್ಚಾಗಿದ್ದನ್ನು ಒಂದು ಬಕೆಟ್ ಇಲ್ಲಿಗೆ ಕಳಿಸು. ಶೇಂಗಾ ಬಿತ್ತಿದ್ದು ಹೂವಿಗೆ ಬಂದು ಸುಟ್ಟುಹೋಯ್ತು” ಎಂದ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಆದರೆ ಅದರ ಹಿಂದಿನ ವರ್ಷ, 2022ರಲ್ಲಿ, ಇದೇ ತಮ್ಮ ಇದೇ ಹೊತ್ತಿನಲ್ಲಿ ಫೋನ್ ಮಾಡಿ ಕೂಗಿದ್ದೇನು ಗೊತ್ತೇ? “ಅಕ್ಕ, ಕೋಡಿ ಬಿತ್ತು! ಕೋಡಿ ಬಿತ್ತು!”

ಕೋಡಿ ಎಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯಲೆಂದು ಬಿಟ್ಟ ದಾರಿ. ಅವನು ಹೇಳಿದ್ದು ನಮ್ಮೂರ ಹತ್ತಿರದ ವಾಣಿವಿಲಾಸ ಸಾಗರದ ಕೋಡಿ. ಹಳಬರ ಬಾಯಲ್ಲಿ ಅದು ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಗೋಡೆ ಅದು. ಗುಡ್ಡ ಹತ್ತಿ ನೋಡಿದರೆ ನೀರು ನಿಂತ ಆಕಾರ ಭಾರತದ ಭೂಪಟದಂತೆ ಕಾಣುತ್ತದೆ ಎಂದು ತೋರಿಸುತ್ತಾರೆ. ಚಿಕ್ಕಂದಿನಲ್ಲಿ ನನಗೆ ಅದು ಕಂಡದ್ದೇ ಇಲ್ಲ, ಏಕೆಂದರೆ ಭೂಪಟವಾಗುವಷ್ಟು ನೀರು ಇರುತ್ತಿರಲಿಲ್ಲ.

ಈ ಜಲಾಶಯ ಮೈಸೂರು ಸಂಸ್ಥಾನದ ಕಾಲದಲ್ಲಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಅಂದು ರಾಜ್ಯವಾಳುತ್ತಿದ್ದ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇಟ್ಟರು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ತುಂಬಿದರೆ ಸುಮಾರು 30 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೆಕ್ಕ ನೀವೇ ಹಾಕಿಕೊಳ್ಳಿ. ಇಂಥ ಜಲಾಶಯ ಮೊದಲ ಬಾರಿಗೆ ಕೋಡಿ ಬಿದ್ದಿದ್ದು 1933ರಲ್ಲಿ. ಎರಡನೆಯ ಬಾರಿ 2022ರಲ್ಲಿ. ನಡುವೆ 89 ವರ್ಷ! ಮೂರನೆಯ ಬಾರಿಗೆ ಮಾತ್ರ ಇಷ್ಟು ಕಾಯಿಸಲಿಲ್ಲ, 2025ರ ಜನವರಿಯಲ್ಲೇ ಬಿತ್ತು.

ಈ ಮೂರು ಇಸವಿಗಳನ್ನು ನೆನಪಿಟ್ಟುಕೊಳ್ಳಿ. ನಾನು ಹೇಳಬೇಕೆಂದಿರುವುದೆಲ್ಲ ಈ ಇಸವಿಗಳ ನಡುವೆ ಇದೆ.

ನಮ್ಮ ಸೀಮೆಗೆ ಮಳೆ ಏಕೆ ಕಡಿಮೆ ಎಂಬುದನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಅರಬ್ಬೀ ಸಮುದ್ರದಿಂದ ಬರುವ ಮೋಡ ಪಶ್ಚಿಮ ಘಟ್ಟಕ್ಕೆ ಬಡಿದು ಅಲ್ಲೇ ಸುರಿದು ಬರಿದಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು. ಅಲ್ಲಿಂದ ಇನ್ನೂರು ಕಿಲೋಮೀಟರ್ ಆಸುಪಾಸಿನ ಚಳ್ಳಕೆರೆ, ಹಿರಿಯೂರಿನ ಕಡೆ 500ರ ಸುತ್ತಮುತ್ತ. ಹೋಲಿಕೆಗೆ ಹೇಳುವುದಾದರೆ ನಾಗಪುರದ್ದು ಸಾವಿರದ ಮೇಲೆ. ಆದರೆ ಪಾಠಪುಸ್ತಕ ಸರಾಸರಿ ಹೇಳಿ ಸುಮ್ಮನಾಗಿಬಿಡುತ್ತದೆ. ಸರಾಸರಿ ಮಳೆ ಎಂಬುದು ನಮ್ಮೂರಿನಲ್ಲಿ ಯಾವ ವರ್ಷವೂ ಬಿದ್ದದ್ದನ್ನು ನಾನು ಕಾಣೆ. ನಮ್ಮ ಮಳೆಯ ಬಹುಪಾಲು ಬರುವುದು ಉತ್ತರೆ, ಹಸ್ತ, ಚಿತ್ತೆ ನಕ್ಷತ್ರಗಳಲ್ಲಿ, ಅಂದರೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಅದೂ ಕೆಲವೇ ದಿನ. ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಎದ್ದು ಇತ್ತ ತಿರುಗಿದರೆ ವರ್ಷ ಬದುಕಿತು, ಅತ್ತ ಒಡಿಶಾದ ಕಡೆ ಹೋದರೆ ವರ್ಷ ಮುಳುಗಿತು. ಹತ್ತು ಹದಿನೈದು ಒಳ್ಳೆಯ ಮಳೆಯ ಮೇಲೆ ಸಂಸಾರ ನಿಂತಾಗ, ಅದರಲ್ಲಿ ನಾಲ್ಕು ತಪ್ಪಿದರೆ ಗತಿಯೇನು? ನಮ್ಮ ಅಪ್ಪ ಹೇಳುತ್ತಿದ್ದರು: “ಹತ್ತು ವರ್ಷದಲ್ಲಿ ಮೂರು ಬೆಳೆ, ಮೂರು ಬರೀ ಮೇವು, ನಾಲ್ಕು ನಾಮ.”

ಇನ್ನು ಅಣೆಕಟ್ಟು ಏಕೆ ಕಟ್ಟಿದರು ಎನ್ನುವುದಕ್ಕೆ ಬರೋಣ. ಅದಕ್ಕೆ ನೀವು ಹಿರಿಯೂರಿಗೆ ಹೋಗಬೇಕಿಲ್ಲ, ಇಲ್ಲೇ ನಮ್ಮ ಸಿವಿಲ್ ಲೈನ್ಸಿನಿಂದ ಆರಂಭಿಸಬಹುದು. ಮಹಾರಾಜ್‌ಬಾಗ್ ಹತ್ತಿರದ ಅಜಬ್ ಬಂಗ್ಲಾಕ್ಕೆ ಶಾಲೆಯವರು ನಿಮ್ಮನ್ನೆಲ್ಲ ಒಮ್ಮೆಯಾದರೂ ಸಾಲು ನಿಲ್ಲಿಸಿ ಕರೆದುಕೊಂಡು ಹೋಗಿರುತ್ತಾರೆ. ಆ ಮ್ಯೂಸಿಯಂ ಸ್ಥಾಪನೆಯಾದದ್ದು 1863ರಲ್ಲಿ. ಆಗ ನಾಗಪುರ ಸೆಂಟ್ರಲ್ ಪ್ರಾವಿನ್ಸಸ್‌ನ ರಾಜಧಾನಿ, ಚೀಫ್ ಕಮಿಷನರ್ ಆಗಿದ್ದವನು ಸರ್ ರಿಚರ್ಡ್ ಟೆಂಪಲ್ ಎಂಬ ಇಂಗ್ಲಿಷಿನವನು. ಬುದ್ಧಿವಂತ, ಚುರುಕು. ಇದೇ ಟೆಂಪಲ್ ಮುಂದೆ 1873-74ರಲ್ಲಿ ಬಿಹಾರ, ಬಂಗಾಳದ ಕಡೆ ಬರ ಬಂದಾಗ ಬರ್ಮಾದಿಂದ ಅಕ್ಕಿ ತರಿಸಿ ಸಾವಿರಾರು ಜನ ಸಾಯದಂತೆ ನೋಡಿಕೊಂಡ. ಅದಕ್ಕೆ ಮೇಲಿನವರಿಂದ ಸಿಕ್ಕ ಬಹುಮಾನವೇನು? ದುಂದುವೆಚ್ಚ ಮಾಡಿದೆ ಎಂಬ ಬೈಗುಳ!

ಮೂರೇ ವರ್ಷಕ್ಕೆ ದಕ್ಷಿಣದಲ್ಲಿ ಮಳೆ ಹೋಯಿತು. 1876ರಿಂದ 78ರವರೆಗಿನ ಆ ಮಹಾಕ್ಷಾಮವನ್ನು ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಬರ ಎನ್ನುತ್ತಾರೆ, ಆ ಎರಡು ಸಂವತ್ಸರಗಳ ಹೆಸರಿನಿಂದ. ಕ್ಷಾಮದ ಖರ್ಚು ಹತೋಟಿಯಲ್ಲಿಡಲು ಸರ್ಕಾರ ಕಳಿಸಿದ್ದು ಟೆಂಪಲ್‌ನನ್ನೇ. ಹಿಂದೆ ಬೈಗುಳ ತಿಂದವನು ಈ ಸಲ ಲೋಭಿಯಾದ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಮಣ್ಣು ಹೊತ್ತವನಿಗೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸು, ಇಷ್ಟೇ ಕೂಲಿ ಎಂದು ನಿಗದಿ ಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕೆಜಿಯೂ ಅಲ್ಲ. ಮದರಾಸಿನ ಸರ್ಕಾರಿ ವೈದ್ಯಾಧಿಕಾರಿ ಕಾರ್ನಿಶ್ ಇದು ಸಾಯಿಸುವ ಲೆಕ್ಕವೆಂದು ವಿರೋಧಿಸಿದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಸ್ವಲ್ಪ ಮೇಲಿತ್ತು. ಹತ್ತು ವರ್ಷದಲ್ಲಿ ಬೆಳೆದಿರಬೇಕಾದ ಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಐದರಲ್ಲಿ ಒಬ್ಬರು ಇಲ್ಲ ಎಂದ ಹಾಗೆ. ಈ ಪುಟ ಓದುತ್ತಿರುವ ನಿಮ್ಮ ಮನೆಯಲ್ಲಿ ಐದು ಜನರಿದ್ದರೆ ಒಮ್ಮೆ ಅವರ ಮುಖ ನೋಡಿ. ಅಜಬ್ ಬಂಗ್ಲಾದ ಮುಂದೆ ಸ್ಕೂಟರಿನಲ್ಲಿ ಹೋಗುವಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ನನ್ನ ಯಜಮಾನರು “ನಿನ್ನದೊಂದು ಹುಚ್ಚು” ಎನ್ನುತ್ತಾರೆ.

ನಮ್ಮಜ್ಜಿಯ ಅಜ್ಜಿ ಆ ಬರದಲ್ಲಿ ಹತ್ತು ವರ್ಷದ ಹುಡುಗಿ. ಹುಣಿಸೆ ಬೀಜ ಹುರಿದು ಕುಟ್ಟಿ ಅಂಬಲಿ ಮಾಡಿದ್ದು, ಪಾಪಾಸುಕಳ್ಳಿಯ ಹಣ್ಣು ತಿಂದು ನಾಲಗೆ ಕೆಂಪಾಗಿದ್ದು, ಕಡೆಗೆ ಹಗೇವಿನ ತಳದಲ್ಲಿ ಉಳಿದ ಮುಗ್ಗಲು ರಾಗಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿದ್ದು, ಇವೆಲ್ಲ ಬಾಯಿಂದ ಬಾಯಿಗೆ ಬಂದು ನನ್ನವರೆಗೆ ತಲುಪಿವೆ. ಹಗೇವು ನಿಮಗೆ ಗೊತ್ತಿರಲಾರದು. ಮನೆಯ ಮುಂದೆ ಗಡಿಗೆಯ ಆಕಾರದಲ್ಲಿ ನೆಲ ಕೊರೆದು, ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳು ಹಿಡಿಯುವುದಿಲ್ಲ, ವರ್ಷಗಟ್ಟಲೆ ಕೆಡುವುದಿಲ್ಲ. ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷಕ್ಕೆ ಸಾಗಿಸುವ ಉಪಾಯ ಅದು. ಈಗ ಯೋಚಿಸಿದರೆ ಮಾರಿಕಣಿವೆಯೂ ಅಂಥದೇ ಒಂದು ಹಗೇವು, ರಾಗಿಯ ಬದಲು ನೀರಿನದು. ಮಳೆ ಆಗದ ಊರೆಂದು ಕಟ್ಟಿದ್ದಲ್ಲ. ಎಂದೋ ಒಮ್ಮೆ ವಿಪರೀತ ಆಗುತ್ತದೆ, ಆಮೇಲೆ ವರ್ಷಗಟ್ಟಲೆ ಕೈಕೊಡುತ್ತದೆ, ಅದಕ್ಕಾಗಿ ಕಟ್ಟಿದ್ದು. ಕಟ್ಟುವ ಹೊತ್ತಿಗೆ 1896-97ರ ಕ್ಷಾಮ ಬಂದು ಹೋಗಿತ್ತು, 1899-1900ರದ್ದು ಬಂದೇ ಬಿಟ್ಟಿತು. ಇವೆರಡೂ ನಮ್ಮ ಈ ನಾಗಪುರದ ಪ್ರಾಂತ್ಯವನ್ನೂ ಕಿತ್ತು ತಿಂದವು.

ಜಲಾಶಯಕ್ಕೆ ನೀರು ತರುವ ವೇದಾವತಿ ಬಾಬಾಬುಡನ್‌ಗಿರಿ ಬೆಟ್ಟಸಾಲಿನಿಂದ ಬರುತ್ತಾಳೆ. ವೇದಾ ಎಂಬ ಹೊಳೆ ಸಖರಾಯಪಟ್ಟಣದ ಅಯ್ಯನಕೆರೆ ತುಂಬಿಸಿ, ಅವತಿ ಎಂಬ ಹೊಳೆ ಮದಗದ ಕೆರೆ ತುಂಬಿಸಿ, ಕಡೂರಿನ ಹತ್ತಿರ ಕೂಡುತ್ತವೆ. ದಾರಿಯಲ್ಲಿರುವ ಕೆರೆಗಳೆಲ್ಲ ಹೊಟ್ಟೆ ತುಂಬಿಸಿಕೊಂಡ ಮೇಲೆ ಉಳಿದದ್ದು ನಮಗೆ. ಆದ್ದರಿಂದ ಕಟ್ಟಿ ಇಪ್ಪತ್ತಾರು ವರ್ಷವಾದರೂ ಜಲಾಶಯ ತುಂಬಲಿಲ್ಲ. 1933ರಲ್ಲಿ ತುಂಬಿತು.

ಆಗ ನಮ್ಮಜ್ಜಿಗೆ ಒಂಬತ್ತು ವರ್ಷ. ಎತ್ತಿನ ಗಾಡಿಯಲ್ಲಿ ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಕೋಡಿ ನೋಡಲು ಹೊರಟಿತಂತೆ. ಸದ್ದು ಕಾಣುವುದಕ್ಕಿಂತ ಮೊದಲೇ ಕೇಳಿಸಿತಂತೆ, ಎತ್ತುಗಳು ಬೆದರಿ ನಿಂತುಬಿಟ್ಟವಂತೆ. ಅವರಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. ಆ ಒಂದು ದಿನವನ್ನು ಅಜ್ಜಿ ಎಪ್ಪತ್ತು ವರ್ಷ ಹೇಳಿಕೊಂಡು ಬದುಕಿದರು. ನಾನು 1992ರಲ್ಲಿ ಮದುವೆಯಾಗಿ ನಾಗಪುರಕ್ಕೆ ಬಂದ ಮೇಲೆ ಅವರು ಮೊಮ್ಮಕ್ಕಳ ಕೈಲಿ ಬರೆಸುತ್ತಿದ್ದ ಇನ್‌ಲ್ಯಾಂಡ್ ಲೆಟರಿನ ಕೊನೆಯ ಸಾಲು ಪ್ರತಿ ಸಲವೂ ಒಂದೇ: ಈ ವರ್ಷವೂ ಕೋಡಿ ಬೀಳಲಿಲ್ಲ. ಏನೋ ಮಗಳ ಮದುವೆ ಗೊತ್ತಾಗಲಿಲ್ಲ ಎಂದು ಬರೆದ ಹಾಗೆ! ಅವರ ಮನಸ್ಸಿನಲ್ಲಿ ಕೋಡಿ ಬೀಳುವುದು ಸಹಜ, ಬೀಳದಿರುವುದು ಅಪರೂಪ. ಅಜ್ಜಿ 2003ರಲ್ಲಿ ತೀರಿಕೊಂಡರು. ಅದು ಸತತ ಮೂರನೆಯ ಬರದ ವರ್ಷ. ತಿಥಿಯ ದಿನ ಟ್ಯಾಂಕರಿನಲ್ಲಿ ನೀರು ತರಿಸಿದೆವು.

ಈಗ ನೋಡಿ, ಅಜ್ಜಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಆದರೂ ಅವರ ಲೆಕ್ಕ ತಪ್ಪಿತ್ತು. ಇಡೀ ಭಾರತದ ಮುಂಗಾರು ಮಳೆಯ ನೂರು ವರ್ಷಕ್ಕೂ ಹೆಚ್ಚಿನ ಅಂಕಿಗಳನ್ನು ಜೋಡಿಸಿದವರು ಅದರಲ್ಲಿ ಒಂದು ಏರಿಳಿತ ಕಂಡಿದ್ದಾರೆ. ಇಪ್ಪತ್ತನೆಯ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಕೊರತೆಯ ವರ್ಷಗಳು ಹೆಚ್ಚು. 1930ರ ಸುಮಾರಿನಿಂದ 1960ರವರೆಗೆ ಮಳೆಯ ಕೈ ಧಾರಾಳ. ಅಲ್ಲಿಂದ ಮುಂದೆ ಮತ್ತೆ ಮೂರು ದಶಕ ಬಿಗಿ. ಇದು ದೇಶದ ಒಟ್ಟು ಲೆಕ್ಕ, ಒಂದೊಂದು ತಾಲ್ಲೂಕಿಗೂ ಹಾಗೇ ಹೊಂದುವುದಿಲ್ಲ. ಆದರೂ ಅಜ್ಜಿಯ ಬಾಲ್ಯ, ಯೌವನ ಧಾರಾಳದ ಕಾಲಕ್ಕೆ ಬಿತ್ತು. ನನ್ನ ಬಾಲ್ಯ 1972ರ ಬರದಿಂದ ಶುರುವಾಗಿ 1987ರ ಬರದಲ್ಲಿ ಮುಗಿಯಿತು. ಒಂದೇ ಮನೆ, ಒಂದೇ ಜಮೀನು, ಆದರೆ ನಾವಿಬ್ಬರೂ ಬೇರೆ ಬೇರೆ ದೇಶದಲ್ಲಿ ಬೆಳೆದ ಹಾಗೆ.

ಈ ಏರಿಳಿತಕ್ಕೆ ಕಾರಣ ಹುಡುಕಿದವರ ಕಥೆಯೂ ಸ್ವಾರಸ್ಯವಾಗಿದೆ. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ, ಅಂದರೆ ಧಾತು ಬರದ ಹಿಂದಿನ ವರ್ಷ. ಪಾಪ, ತೊಟ್ಟಿಲ ಕೂಸಿಗೆ ಯುದ್ಧ ಬಂದ ಹಾಗಾಯಿತು! 1904ರಲ್ಲಿ ಅದರ ಮುಖ್ಯಸ್ಥನಾಗಿ ಬಂದವನು ಗಿಲ್ಬರ್ಟ್ ವಾಕರ್, ಕೇಂಬ್ರಿಜ್‌ನ ಗಣಿತಜ್ಞ. ಮುಂಗಾರು ಯಾವಾಗ ಕೈಕೊಡುತ್ತದೆಂದು ಮೊದಲೇ ಹೇಳಲು ಸಾಧ್ಯವೇ ಎಂದು ಅವನು ಪ್ರಪಂಚದ ಮೂಲೆಮೂಲೆಯ ವಾಯುಭಾರದ ಅಂಕಿಗಳನ್ನು ತರಿಸಿ, ಗುಮಾಸ್ತರನ್ನು ಕೂರಿಸಿ ಲೆಕ್ಕ ಹಾಕಿಸಿದ. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲ ಕೈಲೆಕ್ಕ. ಪೆಸಿಫಿಕ್ ಸಾಗರದ ಮೇಲೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ, ಮಕ್ಕಳ ಏತದಾಟದ ಹಲಗೆಯಂತೆ. ಅದನ್ನು ಅವನು ‘ಸದರ್ನ್ ಆಸಿಲೇಷನ್’ ಎಂದು ಕರೆದ. ದಕ್ಷಿಣ ಅಮೆರಿಕದ ಪೆರು ದೇಶದ ಬೆಸ್ತರು ಕ್ರಿಸ್‌ಮಸ್ ಹೊತ್ತಿಗೆ ಸಮುದ್ರ ಬಿಸಿಯಾಗಿ ಮೀನು ಸಿಗದಿರುವುದಕ್ಕೆ ‘ಎಲ್ ನಿನ್ಯೊ’, ಅಂದರೆ ಬಾಲ ಏಸು, ಎಂದು ಹೆಸರಿಟ್ಟಿದ್ದರು. ಇವೆರಡೂ ಒಂದೇ ಹಲಗೆಯ ಎರಡು ತುದಿಗಳೆಂದು ಸ್ಪಷ್ಟವಾದದ್ದು 1960ರ ದಶಕದಲ್ಲಿ. 1877ರಲ್ಲಿ ಭಾರೀ ಎಲ್ ನಿನ್ಯೊ ಇತ್ತು. 1972, 1987, ಮೊನ್ನೆಯ 2023, ಎಲ್ಲವೂ ಎಲ್ ನಿನ್ಯೊ ವರ್ಷಗಳೇ. 2023ರ ಆಗಸ್ಟ್ ತಿಂಗಳು 1901ರಿಂದ ಈಚೆಗೆ ಇಡೀ ಭಾರತಕ್ಕೆ ಅತ್ಯಂತ ಒಣ ಆಗಸ್ಟ್. ಅದರ ಹಿಂದಿನ ಮೂರು ವರ್ಷ ಇದಕ್ಕೆ ತದ್ವಿರುದ್ಧ, ಪೆಸಿಫಿಕ್ ತಣ್ಣಗಾಗುವ ‘ಲಾ ನಿನ್ಯ’. ನಮ್ಮ ಹಿರಿಯೂರಿನ ಶೇಂಗಾ ಪೆರುವಿನ ಮೀನಿಗೆ ಹೇಗೆ ನೆಂಟ ನೋಡಿ! ಹಾಗೆಂದು ಎಲ್ ನಿನ್ಯೊ ಬಂದಾಗಲೆಲ್ಲ ಬರ ಎಂದಲ್ಲ. 1997ರಲ್ಲಿ ಬಹಳ ದೊಡ್ಡದು ಬಂದಿತ್ತು, ದೇಶದ ಮುಂಗಾರಿಗೆ ಏನೂ ಆಗಲಿಲ್ಲ.

ನಮ್ಮ ಹಿರಿಯರಿಗೆ ಅವರದೇ ಒಂದು ಲೆಕ್ಕವಿತ್ತು. ಅರವತ್ತು ಸಂವತ್ಸರಕ್ಕೊಮ್ಮೆ ಕಾಲ ಮರಳಿ ಬರುತ್ತದೆ, ಮಳೆಯೂ ಹಾಗೇ ಎಂದು. ಪಂಚಾಂಗದಲ್ಲಿ ಈ ವರ್ಷ ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು, ಬೆಟ್ಟಕ್ಕೆ ಇಷ್ಟು, ನೆಲಕ್ಕೆ ಇಷ್ಟು ಎಂದು ಪಾಲು ಹಂಚಿರುತ್ತಾರೆ. ಯುಗಾದಿಯ ದಿನ ಅದನ್ನು ಓದಿಸಿ ಕೇಳದಿದ್ದರೆ ನನಗೆ ಇಂದಿಗೂ ಹಬ್ಬವಾದಂತೆ ಅನ್ನಿಸುವುದಿಲ್ಲ. ಆದರೆ ಅರವತ್ತರ ಲೆಕ್ಕ ಗಡಿಯಾರದಂತೆ ನಡೆಯುವುದಿಲ್ಲ. ಧಾತು ಸಂವತ್ಸರ 1936ರಲ್ಲಿ ಬಂತು, 1996ರಲ್ಲಿ ಮತ್ತೆ ಬಂತು, ಮಹಾಕ್ಷಾಮವೇನೂ ಬರಲಿಲ್ಲ. ಏರಿಳಿತ ಇದೆ ಎಂಬುದು ಹಿರಿಯರಿಗೆ ಗೊತ್ತಿತ್ತು, ಅದರ ಅಳತೆ ಮಾತ್ರ ಅವರು ಅಂದುಕೊಂಡಷ್ಟು ಅಚ್ಚುಕಟ್ಟಲ್ಲ.

ಇನ್ನು ನನ್ನ ತಲೆಮಾರಿನ ತಪ್ಪಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಮೊದಲ ಕೊಳವೆಬಾವಿ 1984ರಲ್ಲಿ ಕೊರೆಸಿದ್ದು. 140 ಅಡಿಗೆ ನೀರು ಚಿಮ್ಮಿತು, ಅಪ್ಪ ಊರಿಗೆಲ್ಲ ಪಾಯಸ ಹಾಕಿಸಿದರು. ನವಣೆ, ಸಜ್ಜೆ ಬಿತ್ತುತ್ತಿದ್ದ ಹೊಲಕ್ಕೆ ತೆಂಗು, ಆಮೇಲೆ ಅಡಿಕೆ ಬಂತು. ಕೊನೆಯ ಬಾವಿ 2016ರಲ್ಲಿ ತಮ್ಮ ಕೊರೆಸಿದ್ದು, 780 ಅಡಿ. ಬಂದದ್ದು ಬರೀ ಧೂಳು. 2017ರ ಹೊತ್ತಿಗೆ ಜಲಾಶಯವೂ ಡೆಡ್ ಸ್ಟೋರೇಜ್ ಹತ್ತಿರ, 130 ಅಡಿಯ ಮಟ್ಟ 60ರ ಚಿಲ್ಲರೆಗೆ ಇಳಿದಿತ್ತು. ನೆಲದೊಳಗಿನ ನೀರು ಎಷ್ಟೋ ಧಾರಾಳದ ವರ್ಷಗಳು ಹಗೇವಿನಲ್ಲಿಟ್ಟ ರಾಗಿಯ ಹಾಗೆ. ನಾವು ಅದನ್ನು ಪ್ರತಿ ವರ್ಷದ ಬೆಳೆಯೆಂದು ತಿಳಿದು ಮೂವತ್ತು ವರ್ಷದಲ್ಲಿ ತಳ ಕೆರೆದೆವು. ತಮ್ಮ ಇನ್ನೂರು ತೆಂಗಿನ ಮರ ಕಡಿಸಿದ ದಿನ ಫೋನಿನಲ್ಲಿ ಮಾತನಾಡಲಿಲ್ಲ, ಅತ್ತ.

ಅಪ್ಪ ಹೋದ ಮೇಲೆ ನನ್ನ ಪಾಲಿಗೆ ಎರಡೂವರೆ ಎಕರೆ ಬಂದಿತ್ತು. ಏನು ಮಾಡುವುದೆಂಬ ಮಾತು ಇಲ್ಲಿ, ನಾಗಪುರದ ನಮ್ಮ ಊಟದ ಮೇಜಿನ ಸುತ್ತ ನಡೆಯಿತು. ಮಗ ನಿಮ್ಮಂತೆಯೇ ಇಲ್ಲಿ ಹುಟ್ಟಿ ಬೆಳೆದವನು, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಹದಿನೈದು ವರ್ಷದ ಮಳೆಯ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಗೆರೆ ಎಳೆದು ತೋರಿಸಿದ. ಗೆರೆ ಇಳಿಯುತ್ತಲೇ ಹೋಗಿತ್ತು. “ಅಮ್ಮ, ಇದು ಇನ್ನು ಮೇಲಕ್ಕೆ ಬರೋಲ್ಲ. ಸೆಂಟಿಮೆಂಟ್ ಬಿಡು” ಎಂದ. ಮಾತಿನಲ್ಲಿ ತಪ್ಪು ಹುಡುಕಲು ನನ್ನ ಬಿ.ಎ. ಸಾಲಲಿಲ್ಲ. 2018ರ ಫೆಬ್ರವರಿಯಲ್ಲಿ ಹೋಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬಂದೆ. ಆ ದುಡ್ಡು ಮಗಳ ಮದುವೆಗೆ ಬಂತು, ಇಲ್ಲವೆನ್ನುವುದಿಲ್ಲ.

ನಾಲ್ಕೂವರೆ ವರ್ಷದ ಮೇಲೆ ಕೋಡಿ ಬಿತ್ತು.

ಸೆಪ್ಟೆಂಬರ್ ಎರಡನೆಯ ವಾರ ನಾನೊಬ್ಬಳೇ ಹೊರಟೆ. ಬೆಂಗಳೂರಿಗೆ ರೈಲು, ಅಲ್ಲಿಂದ ಬಸ್ಸು. ಕೋಡಿಯ ಹತ್ತಿರ ಜಾತ್ರೆ ಸೇರಿತ್ತು. ಕಡಲೆಪುರಿ, ಐಸ್‌ಕ್ರೀಮು, ಮೊಬೈಲ್ ಹಿಡಿದ ಸಾವಿರ ಕೈ. ಸದ್ದು ಕಾಣುವುದಕ್ಕಿಂತ ಮೊದಲು ಕೇಳಿಸಿತು, ಅಜ್ಜಿ ಹೇಳಿದ್ದ ಹಾಗೆಯೇ. ನಾನು ಅಳುತ್ತೇನೆಂದುಕೊಂಡಿದ್ದೆ, ಅಳು ಬರಲಿಲ್ಲ. ಯಾರೋ ತಳ್ಳಿದರು, ಚಪ್ಪಲಿ ಕಿತ್ತುಹೋಯಿತು, ಅದರ ಚಿಂತೆಯಲ್ಲೇ ಅರ್ಧ ಹೊತ್ತು ಕಳೆಯಿತು. ಪಕ್ಕದಲ್ಲಿ ನಿಂತಿದ್ದ ಒಬ್ಬ ರೈತ ಮಾತ್ರ ಕೋಡಿಯ ಕಡೆ ನೋಡುತ್ತಲೇ ಇರಲಿಲ್ಲ. ಹಿನ್ನೀರಿನ ಕಡೆಯ ಹೊಸದುರ್ಗ ತಾಲ್ಲೂಕಿನವನು. ಎಂಬತ್ತೊಂಬತ್ತು ವರ್ಷ ಬರುವುದಿಲ್ಲವೆಂದು ನಂಬಿ ತೋಟ ಮಾಡಿದ್ದ ಜಾಗಕ್ಕೆ ನೀರು ಬಂದಿತ್ತು. ಅವನದೂ ನನ್ನ ಮಗನದೂ ಒಂದೇ ಲೆಕ್ಕ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. 2022ರ ಕೋಡಿ ಪೂರ್ತಿ ಮಳೆರಾಯನದಲ್ಲ. ಭದ್ರಾ ಮೇಲ್ದಂಡೆ ಯೋಜನೆಯಿಂದ 2019ರಿಂದ ಭದ್ರೆಯ ನೀರನ್ನು ಎತ್ತಿ ಅಜ್ಜಂಪುರದ ಕಡೆಯಿಂದ ವೇದಾವತಿಗೆ ಬಿಡುತ್ತಿದ್ದರು, ಜಲಾಶಯ ಆಗಲೇ ಅರ್ಧಕ್ಕೆ ಮೇಲೆ ಬಂದಿತ್ತು. ಮೇಲೆ ಮಳೆ ಸುರಿಯಿತು. ಹಾಗಾಗಿ ಅಜ್ಜಿ ಕಂಡ ಕೋಡಿಯೂ ನಾನು ಕಂಡ ಕೋಡಿಯೂ ಒಂದೇ ಅಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಭೂಮಿ ಬಿಸಿಯಾಗುತ್ತಿದೆ, ಗಾಳಿಯ ಬಿಸಿ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದಿಟ್ಟದ್ದನ್ನು ಒಮ್ಮೆಲೇ ಚೆಲ್ಲುತ್ತದೆ, ನಡುವೆ ದೀರ್ಘ ಒಣ ಬಿಡುವು. ಅಂಬಾಝರಿಯ ಆ ರಾತ್ರಿಯಂಥವು ಇನ್ನು ಹೆಚ್ಚುತ್ತವೆಂದು ತಿಳಿದವರು ಹೇಳುತ್ತಾರೆ. ಹಳೆಯ ಏರಿಳಿತದ ಮೇಲೆ ಈ ಹೊಸ ಹೊರೆ. ಅದಕ್ಕೇ ಜಮೀನು ಮಾರಿದ್ದು ಸರಿಯೋ ತಪ್ಪೋ ಎಂದು ನೀವು ಕೇಳಿದರೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ. 2022ರಲ್ಲಿ ತಪ್ಪೆನ್ನಿಸಿತು, 2023ರಲ್ಲಿ ಸರಿಯೆನ್ನಿಸಿತು. ಹದಿನೈದು ವರ್ಷದ ಗೆರೆ ನೋಡಿ ತೀರ್ಮಾನ ಮಾಡಬಾರದಿತ್ತು ಎನ್ನುವುದಷ್ಟೇ ಖಂಡಿತ.

ಹಾಗಾದರೆ ಎಷ್ಟು ವರ್ಷದ್ದು ನೋಡಬೇಕು? ಇದಕ್ಕೆ ಒಂದು ಬೆರಗಿನ ಉತ್ತರ ನಮ್ಮ ನೆರೆಯ ಛತ್ತೀಸಗಢದಲ್ಲಿದೆ. ಬಸ್ತರಿನಲ್ಲಿ ಜಗದಲ್‌ಪುರದ ಹತ್ತಿರ, ಕಾಂಗೇರ್ ಕಣಿವೆಯಲ್ಲಿ ದಂಡಕ ಗುಹೆ ಎಂದಿದೆ. ಗುಹೆಯ ಚಾವಣಿಯಿಂದ ತೊಟ್ಟಿಕ್ಕುವ ನೀರಿನ ಸುಣ್ಣ ಪದರ ಪದರವಾಗಿ ಕೂತು ಕಂಬದಂತೆ ಬೆಳೆಯುತ್ತದೆ. ಮಳೆ ಜೋರಾಗಿದ್ದ ವರ್ಷದ ಪದರದಲ್ಲಿ ಹಗುರವಾದ ಜಾತಿಯ ಆಮ್ಲಜನಕ ಹೆಚ್ಚು, ಮಳೆ ಸೊರಗಿದಾಗ ಭಾರವಾದದ್ದು ಹೆಚ್ಚು. ಈ ಪದರಗಳನ್ನು ಓದಿ ವಿಜ್ಞಾನಿಗಳು ಕ್ರಿ.ಶ. 600ರಿಂದ 1500ರವರೆಗಿನ ಮಳೆಯ ಕಥೆಯನ್ನು 2007ರಲ್ಲಿ ಪ್ರಕಟಿಸಿದರು. ಹದಿನಾಲ್ಕನೆಯ ಶತಮಾನದಲ್ಲೂ ಹದಿನೈದರ ಮೊದಲ ಭಾಗದಲ್ಲೂ ಮುಂಗಾರು ದಶಕಗಟ್ಟಲೆ ದುರ್ಬಲವಾಗಿತ್ತೆಂದು ಅದರಲ್ಲಿ ಕಾಣುತ್ತದೆ. ದಖ್ಖನ್ನಿನ ಚರಿತ್ರೆಯಲ್ಲಿ ಬಹಮನಿ ಸುಲ್ತಾನರ ಕಾಲದ ದುರ್ಗಾದೇವಿ ಬರ ಎಂದು ಓದುತ್ತೇವಲ್ಲ, 1396ರಲ್ಲಿ ಶುರುವಾಗಿ ಹನ್ನೆರಡು ವರ್ಷ ಕಾಡಿತೆನ್ನುವುದು, ಅದು ಇದೇ ಕಾಲಕ್ಕೆ ಬೀಳುತ್ತದೆ. ಹನ್ನೆರಡು ವರ್ಷ! ಕಟ್ಟುಕಥೆಯೆಂದುಕೊಂಡಿದ್ದೆ. ಅಂದರೆ ನಮ್ಮಜ್ಜಿ, ಅವರ ಅಜ್ಜಿ, ನಾನು, ನನ್ನ ಮಗ, ಎಲ್ಲರ ನೆನಪನ್ನು ಕೂಡಿಸಿದರೂ ಈ ನೆಲದ ಮಳೆಗೆ ಒಂದು ಮಧ್ಯಾಹ್ನದ ನಿದ್ದೆಯಷ್ಟು ಹೊತ್ತೂ ಆಗುವುದಿಲ್ಲ.

ಗುಹೆ ನಮ್ಮ ಕೈಲಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕಿದೆ. ಅಪ್ಪ 1966ರಿಂದ 2014ರವರೆಗೆ ಪ್ರತಿ ವರ್ಷದ ಪಂಚಾಂಗದ ಅಂಚಿನಲ್ಲಿ ಆಯಾ ದಿನದ ಮಳೆ ಬರೆದಿಟ್ಟಿದ್ದಾರೆ. ಅವರಿಗೆ ಮಿಲಿಮೀಟರ್ ಗೊತ್ತಿರಲಿಲ್ಲ. ‘ಹ’ ಎಂದರೆ ಹದ ಮಳೆ, ನೇಗಿಲು ಇಳಿಯುವಷ್ಟು. ‘ಧೂ’ ಎಂದರೆ ಧೂಳು ಅಡಗುವಷ್ಟು ಮಾತ್ರ. ‘ಕೆ’ ಎಂದರೆ ಕೆರೆಗೆ ನೀರು. ಕೆಲವು ಕಡೆ ಬರೀ ಸೊನ್ನೆ, ಸೊನ್ನೆಯ ಮೇಲೆ ಸೊನ್ನೆ ಪುಟಗಟ್ಟಲೆ. ಒಂದು ಕಡೆ “ಎತ್ತು ಮಾರಿದೆ” ಎಂದಿದೆ, ಮಳೆಯ ಲೆಕ್ಕದ ನಡುವೆ. ಕೋಡಿ ನೋಡಲು ಹೋದಾಗ ಟ್ರಂಕನ್ನು ತಮ್ಮನ ಕಣ್ಣು ತಪ್ಪಿಸಿ ಅಲ್ಲ, ಕೇಳಿಯೇ ಇಲ್ಲಿಗೆ ತಂದಿದ್ದೇನೆ. ಮೂರು ವರ್ಷದ ಪಂಚಾಂಗ ಗೆದ್ದಲು ತಿಂದಿದೆ, ಉಳಿದವು ಓದುವಂತಿವೆ.

ಮಗ ಒಂದು ಕಂಪ್ಯೂಟರ್ ಪಟ್ಟಿ ಮಾಡಿಕೊಟ್ಟಿದ್ದಾನೆ, ದಿನಕ್ಕೊಂದು ಸಾಲು. ಅಪ್ಪನ ಮೋಡಿ ಅಕ್ಷರ ನನಗೆ ಮಾತ್ರ ಬರುತ್ತದೆ, ಕಂಪ್ಯೂಟರ್ ನಿಮಗೆ ಬರುತ್ತದೆ. ನಾನು ಓದಿ ಹೇಳುತ್ತೇನೆ, ನೀವು ತುಂಬಿಸಿ. 1971ರವರೆಗೆ ಮುಗಿದಿದೆ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಯಾರು ಬಂದರೂ ಸರಿ, ಸಂಘದ ಕಚೇರಿಯಲ್ಲಿ ವಿಳಾಸ ಕೇಳಿ. ಕಾಫಿ ಇರುತ್ತದೆ, ಬಿಸಿಬೇಳೆಬಾತೂ ಇರುತ್ತದೆ. ಅವತ್ತು ಪ್ರಶ್ನೆ ಕೇಳಿದ ಹುಡುಗ ಖಂಡಿತ ಬರಬೇಕು, 1972 ಅವನಿಗೇ ಇಟ್ಟಿದ್ದೇನೆ.